ಆಶಾ ಸಹೋದರಿ ಬಂದಾಗ

ಸಹೋದರಿಯರೇ, ಮಳೆಗಾಲದಲ್ಲಿ ಆರೋಗ್ಯ ಇಲಾಖೆಯ ಪರವಾಗಿ ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದರೆ, "ಮನೆಯಲ್ಲಿ ಗಂಡಸರಿಲ್ಲ" ಎಂದು ಹಿಂದಕ್ಕೆ ಕಳುಹಿಸಬೇಡಿ. ಆಕೆಯೂ ಹೆಣ್ಣು, ನೋಡಲು ಬಂದಿರುವುದು ನೀರನ್ನು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೇ ಬೇಕೆಂದಿಲ್ಲ. ವುಝೂವಿಗೆಂದು ತುಂಬಿಟ್ಟ ಡ್ರಮ್, ಫ್ರಿಜ್ಜಿನ ಹಿಂದಿನ ತಟ್ಟೆ, ಅಂಗಳದ ತೆಂಗಿನ ಚಿಪ್ಪು ಇವುಗಳಲ್ಲಿ ನಿಂತ ತಿಳಿನೀರೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ ಬರಿದು ಮಾಡಿ, ಒಳಬದಿಯನ್ನು ಚೆನ್ನಾಗಿ ಉಜ್ಜಿರಿ. ಮೊಟ್ಟೆಗಳು ಅಲ್ಲಿಯೇ ಅಂಟಿರುತ್ತವೆ. ಆ ನೀರನ್ನು ಗಿಡಗಳಿಗೆ ಹಾಕಿದರೆ ಇಸ್ರಾಫ್ ಕೂಡಾ ಆಗದು.

2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ಆದರೆ ನಮ್ಮ ಡ್ರಮ್ಮಿನ ಸೊಳ್ಳೆ ನೆರೆಮನೆಯ ಮಗುವನ್ನು ಕಚ್ಚಿದರೆ ಅದು ದಂಡಕ್ಕೆ ಮುಗಿಯುವ ಮಾತಲ್ಲ. ನೆರೆಯವರ ಹಕ್ಕಿನ ಪ್ರಶ್ನೆ. ಅದಕ್ಕೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವೇ.