ಮೇಷ್ಟ್ರ ಬಾಯಿಗೆ ಬೀಗ, ಕೈಗೆ ಪ್ರಮಾಣಪತ್ರ!

ಕನ್ನಡಿಗರೇ, ನಿಮ್ಮೂರ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರನ್ನು ಒಮ್ಮೆ ಕೇಳಿ ನೋಡಿ: "ಸಾರ್, ಆನ್‌ಲೈನ್ ಸಭೆಯಲ್ಲಿ ನೀವು ಬಾಯಿಬಿಟ್ಟು ಪ್ರಶ್ನೆ ಕೇಳಿದ್ದು ಯಾವಾಗ?" ಮಾಯಸಂದ್ರವಾಗಲಿ, ದಂಡಿನಶಿವರವಾಗಲಿ, ದಬ್ಬೇಘಟ್ಟವಾಗಲಿ, ಅವರು ನಕ್ಕು ಸುಮ್ಮನಾದರೆ ಅರ್ಥ ಮಾಡಿಕೊಳ್ಳಿ. ರಾಷ್ಟ್ರಮಟ್ಟದವರು ನಡೆಸುವ ಭೌತಶಾಸ್ತ್ರದ ಸಭೆ ಇಂಗ್ಲಿಷಿನಲ್ಲಿ ಶುರುವಾಗುತ್ತದೆ, ನಡುವೆ ಹಿಂದಿಗೆ ಹೊರಳುತ್ತದೆ, "ಎನಿ ಕ್ವೆಶ್ಚನ್ಸ್?" ಎಂದು ಮುಗಿಯುತ್ತದೆ. ತುರುವೇಕೆರೆಯ ಮೈಕು ಮಾತ್ರ ಮ್ಯೂಟ್‌ನಲ್ಲೇ ಇರುತ್ತದೆ. ಹಾಜರಿ ಬಿತ್ತು, ಪ್ರಮಾಣಪತ್ರ ಬಂತು. ಕಲಿತದ್ದೇನು?

ಮೇಷ್ಟ್ರು ದಡ್ಡರೇ? ಖಂಡಿತ ಅಲ್ಲ. ನಾಳೆ ಬೆಳಿಗ್ಗೆ ಅವರು ಹತ್ತನೇ ತರಗತಿಯಲ್ಲಿ ವಿಭವಾಂತರ, ರೋಧ, ವಕ್ರೀಭವನ ಎಂದು ಪಾಠ ಮಾಡಬೇಕು. ಪಠ್ಯ ಕನ್ನಡ, ಪಾಠ ಕನ್ನಡ, ಎಸ್ಸೆಸ್ಸೆಲ್ಸಿ ಉತ್ತರ ಕನ್ನಡ. ಮೇಷ್ಟ್ರನ್ನು ತಿದ್ದಿ ತೀಡುವ ಭಾಷೆ ಮಾತ್ರ ಬೇರೆ! ದಿಲ್ಲಿಯವರು 2017ರಿಂದ ನೀಟ್ ಪರೀಕ್ಷೆಯನ್ನೂ 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಕೊಡುತ್ತಿದ್ದಾರೆ. ಮಗುವನ್ನು ಕನ್ನಡದಲ್ಲಿ ಪರೀಕ್ಷಿಸಲು ಬರುವವರಿಗೆ ಮೇಷ್ಟ್ರ ಜೊತೆ ಕನ್ನಡದಲ್ಲಿ ಮಾತನಾಡಲು ಬರುವುದಿಲ್ಲವೇ?

ನಮ್ಮ ಸೀಮೆಯ ಒಂದು ಪ್ರಶ್ನೆ ಹೇಳುತ್ತೇನೆ. ತೆಂಗಿನ ತೋಟದ ಹುಡುಗ ಓಮನ ನಿಯಮ ಕಲಿತು ಎದ್ದು ನಿಲ್ಲುತ್ತಾನೆ: "ಸಾರ್, ವೋಲ್ಟೇಜು ಕಮ್ಮಿಯಾದರೆ ಕರೆಂಟೂ ಕಮ್ಮಿಯಾಗಬೇಕಲ್ಲ? ಹಾಗಿದ್ದ ಮೇಲೆ ಲೋ ವೋಲ್ಟೇಜಿನಲ್ಲಿ ನಮ್ಮ ಬೋರ್‌ವೆಲ್ ಮೋಟಾರು ಯಾಕೆ ಸುಟ್ಟುಹೋಯಿತು?" ಎಂಥ ಪ್ರಶ್ನೆ ನೋಡಿ! ಉತ್ತರ ಇದೆ. ಮೋಟಾರು ಬರೀ ರೋಧವಲ್ಲ. ಅದು ತಿರುಗುವಾಗ ಹೊರಗಿನ ವೋಲ್ಟೇಜಿಗೆ ಎದುರಾಗಿ ಅದರೊಳಗೇ ಒಂದು ವಿಭವ ಹುಟ್ಟಿ ಕರೆಂಟನ್ನು ತಡೆಯುತ್ತಿರುತ್ತದೆ. ವೋಲ್ಟೇಜು ಕುಸಿದರೆ ಮೋಟಾರಿನ ವೇಗ ತಗ್ಗುತ್ತದೆ, ಆ ತಡೆಯೂ ತಗ್ಗುತ್ತದೆ. ನೀರೆತ್ತುವ ಹೊರೆ ಮಾತ್ರ ಹಾಗೇ ಇರುತ್ತದೆ. ಮೋಟಾರು ಕರೆಂಟನ್ನು ಹೆಚ್ಚೆಚ್ಚು ಎಳೆಯುತ್ತದೆ, ಸುರುಳಿ ಕಾಯುತ್ತದೆ, ಸುಡುತ್ತದೆ. ಮೋಟಾರು ಎತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚು ರೈತನಿಗೆ ಗೊತ್ತು. ಇಂಥ ಪ್ರಶ್ನೆ ಹಂಚಿಕೊಳ್ಳಲಿಕ್ಕೇ ಮೇಷ್ಟ್ರುಗಳ ಸಭೆ ಇರಬೇಕಾದ್ದು. ಇದನ್ನು ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಯಿದೆಯೇ ಎಂದು ಹೆದರಿ, ಕೈ ಎತ್ತುವಷ್ಟರಲ್ಲಿ ಸಭೆ ಮುಗಿದಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಎಂದಿತು. ದೀಕ್ಷಾ, ನಿಷ್ಠಾ, ಸ್ವಯಂ ಅಂತ ಹೆಸರುಗಳು. (ಕೇಳಿದರೆ ಯಾವುದೋ ಮಠದ ಬಾಗಿಲಲ್ಲಿ ನಿಂತ ಹಾಗಾಗುತ್ತದೆ!) ಕನ್ನಡದಲ್ಲಿ ಏನೂ ಇಲ್ಲವೆಂದು ನಾವು ಸುಳ್ಳು ಹೇಳುವುದಿಲ್ಲ, ದೀಕ್ಷಾದಲ್ಲಿ ಕನ್ನಡ ಪಾಠಗಳಿವೆ. ಆದರೆ ವಿಡಿಯೋ ಎಂದಾದರೂ ಮರುಪ್ರಶ್ನೆಗೆ ಉತ್ತರ ಕೊಟ್ಟಿದೆಯೇ? ನಿವೃತ್ತ ಐಐಟಿ ಪ್ರಾಧ್ಯಾಪಕ ಎಚ್.ಸಿ. ವರ್ಮಾ ಅವರು ಹಿಂದಿಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಹೇಳಲಿ, ಸಂತೋಷ. ಅವರ ಜನಕ್ಕೆ ಸಿಕ್ಕ ಭಾಗ್ಯ ನಮ್ಮ ಜನಕ್ಕೂ ಬೇಡವೇ?

"ಭೌತಶಾಸ್ತ್ರ ಕನ್ನಡದಲ್ಲಿ ಆಗದು" ಎನ್ನುವ ಮಹಾಶಯರು ತುಮಕೂರಿನ ಪಕ್ಕದ ಬೆಳ್ಳಾವೆಗೆ ಹೋಗಿ ಬರಲಿ. ಅಲ್ಲಿಯ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ "ವಿಜ್ಞಾನ" ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದೇ ಅಧ್ಯಾಪಕರು 1937ರಲ್ಲಿ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂಟರ್ನೆಟ್ ಇರಲಿಲ್ಲ, ಅನುದಾನದ ಹೊಳೆ ಹರಿಯಲಿಲ್ಲ. ಅಷ್ಟು ಹಿಂದೆ ಹೋಗುವುದೂ ಬೇಡ. 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಗಳ ವಿಜ್ಞಾನ, ಗಣಿತದ ಮೇಷ್ಟ್ರುಗಳೇ ಕನ್ನಡದಲ್ಲಿ ಚರ್ಚಿಸಿದರು, ಪಾಠಸಾಮಗ್ರಿ ಬರೆದರು. ದಾರಿ ಇದ್ದೂ ನಡೆಯದವರನ್ನು ಏನೆನ್ನಬೇಕು?

ನಮ್ಮ ಬೇಡಿಕೆ ದೊಡ್ಡದೇನಲ್ಲ. ರಾಜ್ಯದ ಹಣದಲ್ಲಿ ನಡೆಯುವ ಪ್ರತಿ ತರಬೇತಿಯಲ್ಲೂ ಚರ್ಚೆ ಕನ್ನಡದಲ್ಲಿರಲಿ. ಹೊರಗಿನ ತಜ್ಞರು ಬಂದರೆ ಪಕ್ಕದಲ್ಲಿ ಕನ್ನಡ ಬಲ್ಲ ಭೌತಶಾಸ್ತ್ರಜ್ಞರೊಬ್ಬರು ಕೂರಲಿ. ಬೆಂಗಳೂರಿನಲ್ಲಿ ಅಂಥವರಿಗೆ ಬರವಿಲ್ಲ. ಎಸ್‌ಡಿಎಂಸಿ ಸಭೆಗೆ ಹೋಗುವ ತಂದೆತಾಯಂದಿರೇ, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೇಷ್ಟ್ರೇ, ಮುಂದಿನ ಲಿಂಕ್ ಬಂದ ದಿನ ಮೈಕು ಆನ್ ಮಾಡಿ, ಆ ಮೋಟಾರಿನ ಪ್ರಶ್ನೆಯನ್ನೇ ಅಚ್ಚಗನ್ನಡದಲ್ಲಿ ಕೇಳಿ. ಅರ್ಥವಾಗಲಿಲ್ಲ ಎಂದರೆ ಇನ್ನೊಮ್ಮೆ ಕೇಳಿ, ಅದೂ ಕನ್ನಡದಲ್ಲೇ.