ಓಣಿಯ ಗಟಾರು, ಕಾಗದದ ದಾರಿ



ಕಳೆದ ಮಳೆಗಾಲದ ಒಂದು ಮುಂಜಾನೆ ಚಿಮ್ಮಡದ ನಮ್ಮ ಓಣಿಯ ನಾಲ್ವರು ಹಿರಿಯರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. "ಶಾಸ್ತ್ರಿಗಳ, ಗಟಾರದ ನೀರು ಮತ್ತ ಹೊಸ್ತಿಲಿಗೆ ಬಂದೈತ್ರಿ. ಪಂಚಾಯ್ತಿಗೆ ಹೇಳಿ ಹೇಳಿ ಸಾಕಾಗೇತ್ರಿ" ಎಂದರು. ಯಾರಿಗೆ ಹೇಳಿದಿರಿ, ಬರೆದುಕೊಟ್ಟ ಕಾಗದ ಎಲ್ಲಿದೆ ಎಂದು ಕೇಳಿದೆವು. ಒಬ್ಬರಿಗೆ ಚಹಾದಂಗಡಿಯಲ್ಲಿ ಹೇಳಿದ್ದರು, ಇನ್ನೊಬ್ಬರಿಗೆ ಜಾತ್ರೆಯಲ್ಲಿ. ಮೂರು ವರ್ಷಗಳು ಬರಿಯ ಬಾಯಿಮಾತಿನಲ್ಲಿಯೇ ಕಳೆದಿದ್ದವು.

ಅವರನ್ನು ಆಕ್ಷೇಪಿಸುವ ಯೋಗ್ಯತೆ ನಮಗೂ ಇರಲಿಲ್ಲ. ಹಿಂದೊಮ್ಮೆ ಇದೇ ಗಟಾರಿನ ಸಲುವಾಗಿ ನಾವೇ ಎರಡು ಪುಟಗಳ ಮನವಿಯನ್ನು ಅಲಂಕಾರಯುಕ್ತವಾಗಿ ರಚಿಸಿ ಒಂದು ಕಚೇರಿಗೆ ಕೊಟ್ಟು ಬಂದಿದ್ದೆವು. ಪ್ರತಿ ಇಟ್ಟುಕೊಳ್ಳಲಿಲ್ಲ, ಸ್ವೀಕೃತಿ ಕೇಳಲಿಲ್ಲ. ನಾಲ್ಕು ತಿಂಗಳ ಬಳಿಕ ವಿಚಾರಿಸಿದರೆ ಅಂಥ ಅರ್ಜಿಯೇ ಬಂದಿಲ್ಲವೆಂಬ ಉತ್ತರ ದೊರೆಯಿತು. ಮಠದಲ್ಲಿ ವ್ಯಾಕರಣ ಕಲಿತ ನಮಗೆ 'ಆವಕ ಸಂಖ್ಯೆ' ಎಂಬ ಪದದ ಅರ್ಥ ಅಂದು ತಿಳಿಯಿತು.

ಜೊತೆಗೆ ಬಂದಿದ್ದ ತರುಣನೊಬ್ಬ, "ಚಿಕ್ಕಪಡಸಲಗಿಯವರು ಹೊಳಿಗೇ ಒಡ್ಡು ಕಟ್ಟಿದ್ರು, ನಮಗ ಒಂದು ಗಟಾರ ಕಟ್ಟಾಕ ಆಗೂದಿಲ್ಲೇನ್ರಿ?" ಎಂದನು. ಪ್ರಶ್ನೆ ಸಣ್ಣದಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ಹಣ, ತಮ್ಮದೇ ದುಡಿಮೆಯಿಂದ ಕಟ್ಟಿದ ಬ್ಯಾರೇಜು 'ಶ್ರಮಬಿಂದು ಸಾಗರ'ವೆಂದು ನಾಡಿಗೆಲ್ಲ ಪರಿಚಿತವಾಗಿದೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ನ್ಯಾಮಗೌಡರು 1991ರಲ್ಲಿ ಲೋಕಸಭೆಗೆ ಹೋದರು, 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಜನರ ಬಾಯಲ್ಲಿ ಇಂದಿಗೂ ಅವರು 'ಬ್ಯಾರೇಜ್ ಸಿದ್ದು'. ಆದರೆ ಈ ಸಂಗತಿಯನ್ನು ಕಚೇರಿಯೇ ಬೇಡವೆಂಬುದಕ್ಕೆ ದೃಷ್ಟಾಂತ ಮಾಡುವುದು ನಮಗೆ ಸರಿಕಾಣದು. ಅಲ್ಲಿ ರೈತರು ಮೊದಲು ಸಂಘ ಕಟ್ಟಿಕೊಂಡರು. ನಾವೋ ನಾಲ್ಕು ಮನೆಯವರು ಸೇರಿ ಕಾಲುವೆ ತೋಡಿದರೆ ಆ ನೀರು ಕೆಳಗಿನ ಮನೆಗಳ ಹೊಸ್ತಿಲಿಗೆ ಹೋಗುತ್ತದೆ. ಇಳಿಜಾರು ಅಳೆಯಬೇಕು, ನೀರು ಕಟ್ಟಕಡೆಗೆ ಎಲ್ಲಿಗೆ ಬೀಳಬೇಕೆಂಬುದು ನಿಶ್ಚಯವಾಗಬೇಕು. ಓಣಿಯ ರಸ್ತೆಯಂತೂ ಪಂಚಾಯತಿಗೆ ಸೇರಿದ್ದು.

ಆದ್ದರಿಂದ ಕಾಗದದ ದಾರಿಯನ್ನೇ ಹಿಡಿದೆವು. ಒಂದೇ ಪುಟದ ಅರ್ಜಿ: ಗಟಾರಿನ ಉದ್ದ, ಮನೆಗಳ ಸಂಖ್ಯೆ, 34 ಸಹಿಗಳು. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡು ತಂದೆವು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿಯ ಬೇಡಿಕೆ ಗ್ರಾಮಸಭೆಗೆ ಹೋಗಿ ಕ್ರಿಯಾಯೋಜನೆಯಲ್ಲಿ ಸೇರದ ಹೊರತು, ಅಧ್ಯಕ್ಷರು ಎಷ್ಟು ತಲೆಯಾಡಿಸಿದರೂ ಕೆಲಸ ಆರಂಭವಾಗದು. ನಮ್ಮ ಓಣಿಯ ಹದಿನಾರು ಜನ ತಾಯಂದಿರು ಸಭೆಗೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. ಗಂಡಸರು ಗೋಡೆಗೆ ಒರಗಿ ನಿಂತರು. ನಡಾವಳಿ ಪುಸ್ತಕದಲ್ಲಿ ಬೇಡಿಕೆಯನ್ನು ಬರೆದು ಓದಿ ಹೇಳುವವರೆಗೆ ಆ ತಾಯಂದಿರು ಏಳಲಿಲ್ಲ.

ಆಮೇಲೆ ಕಡತ ತಾಲ್ಲೂಕಿಗೆ ಹೋಯಿತೆಂದರು. ಹಿಂದೆ ಜಮಖಂಡಿ ತಾಲ್ಲೂಕಿನಲ್ಲಿದ್ದ ನಮ್ಮೂರು ಈಗ ರಬಕವಿ-ಬನಹಟ್ಟಿ ತಾಲ್ಲೂಕಿಗೆ ಸೇರಿದೆ. ಹಳೆಯ ರೂಢಿಯಿಂದ ಒಬ್ಬರು ಜಮಖಂಡಿಯ ಬಸ್ಸು ಹತ್ತಿ ಒಂದು ದಿನದ ಕೂಲಿ ಕಳೆದುಕೊಂಡರು. ಎರಡು ತಿಂಗಳು ಕಡತ ಅಲುಗಲಿಲ್ಲ. ಆಗ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕ ತೆತ್ತು ಅರ್ಜಿ ಹಾಕಿದೆವು. 30 ದಿನಗಳೊಳಗೆ ಉತ್ತರ ಕೊಡಲೇಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅಲಂಕಾರಪ್ರಿಯರಾದ ನಮಗೆ ಇದು ತಕ್ಕ ಶಿಕ್ಷೆಯೇ ಆಯಿತು! ಕೇಳಿದ್ದು ಇಷ್ಟೇ: ಕಡತ ಯಾರ ಮೇಜಿನ ಮೇಲಿದೆ, ಯಾವ ದಿನದಿಂದ ಇದೆ? ಉತ್ತರ ಬರುವ ಮೊದಲೇ ಅಭಿಯಂತರರು ಟೇಪು ಹಿಡಿದು ಓಣಿಗೆ ಬಂದರು. ಸಜ್ಜನರು, ಒಬ್ಬರೇ ಎಷ್ಟೋ ಊರುಗಳನ್ನು ನೋಡಿಕೊಳ್ಳಬೇಕಾಗಿತ್ತಂತೆ.

ಯುಗಾದಿಯ ಹೊತ್ತಿಗೆ ಓಣಿಯ ಮೇಲ್ಭಾಗದಲ್ಲಿ ಸಿಮೆಂಟಿನ ಗಟಾರು ಸಿದ್ಧವಾಯಿತು. ಕೆಳಗಿನ ಹತ್ತು ಮನೆಗಳ ಮುಂದೆ ಇನ್ನೂ ಆಗಿಲ್ಲ. ಈ ಸಾಲಿನ ಅನುದಾನ ಮುಗಿದಿದೆಯೆಂದು ಲಿಖಿತವಾಗಿಯೇ ತಿಳಿಸಿದ್ದಾರೆ. ಮುದ್ರೆಯೊತ್ತಿದ ಕಾಗದಗಳೆಲ್ಲ ಆ ಹತ್ತು ಮನೆಗಳಲ್ಲಿ ಒಂದರ ತಾಯಿಯ ಟ್ರಂಕಿನಲ್ಲಿವೆ. ಮುಂದಿನ ವಾರ್ಡ್ ಸಭೆಗೆ ಅವುಗಳನ್ನು ಅವರೇ ತರುವವರಿದ್ದಾರೆ.