ನಬಾರ್ಡ್ ಪರೀಕ್ಷೆಯ ಕೃಷಿ ಪತ್ರಿಕೆ ಕನ್ನಡದಲ್ಲಿ ಏಕಿಲ್ಲ?



ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್, ಅಂದರೆ ಬಿ. ಶಿವರಾಮನ್ ಸಮಿತಿಯ ಶಿಫಾರಸಿನಂತೆ 1982ರ ಜುಲೈ 12ರಂದು ಸ್ಥಾಪನೆಯಾದ ನಬಾರ್ಡ್, ತನ್ನ ‘ಗ್ರೇಡ್ ಎ’ ಸಹಾಯಕ ವ್ಯವಸ್ಥಾಪಕರ ಹುದ್ದೆಗಳಿಗೆ ನಡೆಸುವ ಪರೀಕ್ಷೆಯಲ್ಲಿ ‘ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ’ ಎಂಬ ವಿಷಯಕ್ಕೆ ದೊಡ್ಡ ಸ್ಥಾನವನ್ನೇ ಕೊಟ್ಟಿದೆ. ಈಚಿನ ವರ್ಷಗಳ ಅಧಿಸೂಚನೆಗಳ ಪ್ರಕಾರ 200 ಅಂಕಗಳ ಪ್ರಾಥಮಿಕ ಪರೀಕ್ಷೆಯಲ್ಲಿ ಈ ವಿಷಯಕ್ಕೆ 40 ಅಂಕ, ಅದರ ಜೊತೆಗಾರ ವಿಷಯವಾದ ‘ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು’ ಎಂಬುದಕ್ಕೆ ಮತ್ತೆ 40 ಅಂಕ ಮೀಸಲಾಗಿದ್ದು, ಮುಖ್ಯ ಪರೀಕ್ಷೆಯ 100 ಅಂಕಗಳ ಎರಡನೆಯ ಪತ್ರಿಕೆ ಸಾಮಾನ್ಯ ಹುದ್ದೆಗಳ ಅಭ್ಯರ್ಥಿಗಳಿಗೆ ಇವೆರಡರ ಮೇಲೆಯೇ ನಿಂತಿದೆ. ಮಣ್ಣು, ನೀರು, ಬೆಳೆ, ಪಶುಸಂಗೋಪನೆ, ತೋಟಗಾರಿಕೆ, ಕೃಷಿ ವಿಸ್ತರಣೆ, ಪಂಚಾಯತ್ ರಾಜ್ ಇವೆಲ್ಲ ಪಠ್ಯಕ್ರಮದಲ್ಲಿರುವುದರಿಂದ, ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಬಯಲಿನಲ್ಲಿ ಬೆಳೆದ ಪದವೀಧರರಿಗೆ ಇದು ತಮ್ಮದೇ ಪರೀಕ್ಷೆ ಎನ್ನಿಸುವುದು ಸಹಜ. ಆದರೆ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ವಿವರಣಾತ್ಮಕ ಉತ್ತರಗಳನ್ನೂ ಆ ಎರಡು ಭಾಷೆಗಳಲ್ಲಿ ಒಂದರಲ್ಲಿಯೇ ಬೆರಳಚ್ಚು ಮಾಡಬೇಕು. ಈ ವ್ಯವಸ್ಥೆ ಅನ್ಯಾಯದ್ದು ಮಾತ್ರವಲ್ಲ, ನಬಾರ್ಡಿನ ಸ್ವಂತ ಉದ್ದೇಶಕ್ಕೇ ವಿರುದ್ಧವಾದದ್ದು ಎಂಬುದು ಈ ಪತ್ರದ ವಾದ.

ಇಂಗ್ಲಿಷ್ ತಿಳಿಯದವರನ್ನು ಅಖಿಲ ಭಾರತ ಮಟ್ಟದ ಹುದ್ದೆಗೆ ತೆಗೆದುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮೊದಲಿಗೇ ಏಳುತ್ತದೆ. ಅದಕ್ಕೆ ಉತ್ತರ ಪರೀಕ್ಷೆಯ ರಚನೆಯಲ್ಲಿಯೇ ಇದೆ. ಮುಖ್ಯ ಪರೀಕ್ಷೆಯ ಮೊದಲನೆಯ ಪತ್ರಿಕೆ ಪೂರ್ತಿಯಾಗಿ ಇಂಗ್ಲಿಷ್ ಬರವಣಿಗೆಯದು, ಅದಕ್ಕೂ 100 ಅಂಕ. ಪ್ರಾಥಮಿಕ ಹಂತದಲ್ಲಿಯೂ ಇಂಗ್ಲಿಷಿಗೆ ಪ್ರತ್ಯೇಕ ವಿಭಾಗವಿದೆ. ಹೀಗೆ ಇಂಗ್ಲಿಷ್ ಜ್ಞಾನವನ್ನು ಬೇರೆಯಾಗಿಯೇ ಅಳೆದ ಮೇಲೆ ಕೃಷಿ ಪತ್ರಿಕೆಯಲ್ಲಿ ಅಳೆಯಬೇಕಾದದ್ದು ಕೃಷಿಯ ಜ್ಞಾನವನ್ನೇ ಹೊರತು ಮತ್ತೊಮ್ಮೆ ಇಂಗ್ಲಿಷನ್ನಲ್ಲ. ಹಿಂದಿ ಬಲ್ಲ ಅಭ್ಯರ್ಥಿ ಇಂಗ್ಲಿಷ್ ಪರೀಕ್ಷೆಯನ್ನು ಒಂದು ಸಲ ದಾಟಿದರೆ ಸಾಕು, ಉಳಿದುದನ್ನು ತಾಯ್ನುಡಿಯಲ್ಲಿ ಬರೆದು ಮುಗಿಸುತ್ತಾನೆ. ಕನ್ನಡದ ಅಭ್ಯರ್ಥಿ ಅದೇ ಇಂಗ್ಲಿಷನ್ನು ಎರಡು ಸಲ ದಾಟಬೇಕು. ಇಬ್ಬರೂ ಸ್ಪರ್ಧಿಸುವುದು ಅದೇ ಹುದ್ದೆಗೆ, ಇಬ್ಬರ ಅಂಕಗಳೂ ಸೇರುವುದು ಅದೇ ಅರ್ಹತಾ ಪಟ್ಟಿಗೆ ಎಂಬುದನ್ನು ಗಮನಿಸಿದರೆ ಇದನ್ನು ಸಮಾನ ಸ್ಪರ್ಧೆ ಎನ್ನಲು ಬಾಯಿ ಬರುವುದಿಲ್ಲ.

ಕೃಷಿ ಪದವಿಯ ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯುವಾಗ ಕನ್ನಡದ ಪತ್ರಿಕೆ ಯಾರಿಗೆ ಬೇಕು ಎಂಬ ಮಾತೂ ಕೇಳಿಬರುತ್ತದೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದಿದವರ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ನಬಾರ್ಡಿನ ಸಾಮಾನ್ಯ ವರ್ಗದ ಹುದ್ದೆಗಳು ಕೃಷಿ ಪದವೀಧರರಿಗೆ ಮಾತ್ರ ಮೀಸಲಾದವಲ್ಲ. ನಿಗದಿತ ಅಂಕ ಪಡೆದ ಯಾವುದೇ ವಿಷಯದ ಪದವೀಧರರು ಅರ್ಜಿ ಹಾಕಬಹುದು. ಮಳವಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸಿದ ಹುಡುಗಿಯನ್ನು ಈ ನಿಯಮ ಬಾಗಿಲಿನವರೆಗೆ ಕರೆದು ಅಲ್ಲಿಯೇ ನಿಲ್ಲಿಸುತ್ತದೆ.

ಇಂಥವರಲ್ಲಿರುವ ತಿಳಿವಳಿಕೆ ಎಂಥದು ಎಂಬುದನ್ನು ಒಂದೆರಡು ಉದಾಹರಣೆಗಳಿಂದ ನೋಡಬಹುದು. ಮದ್ದೂರು ಸೀಮೆಯ ಆಲೆಮನೆಯಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಸುಣ್ಣದ ತಿಳಿಯನ್ನು ಎಷ್ಟು ಬಿಡಬೇಕು, ಮೇಲೆ ಕಟ್ಟಿಕೊಳ್ಳುವ ಮಡ್ಡಿಯನ್ನು ಯಾವ ಹೊತ್ತಿಗೆ ತೆಗೆಯಬೇಕು, ತಣ್ಣೀರಿಗೆ ಬಿಟ್ಟ ಪಾಕದ ತೊಟ್ಟು ಉಂಡೆಯಾಗುವುದನ್ನು ನೋಡಿ ಹದವನ್ನು ಹೇಗೆ ಗುರುತಿಸಬೇಕು, ಬೆಲ್ಲ ಬೆಳ್ಳಗೆ ಕಾಣಲೆಂದು ಸುರಿಯುವ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕ, ಅದೇ ಬೆಲ್ಲವನ್ನು ಕೊಳ್ಳುವವನ ಕಣ್ಣಲ್ಲಿ ಏಕೆ ಅನುಮಾನಕ್ಕೆ ಗುರಿಮಾಡುತ್ತದೆ ಎಂಬುದೆಲ್ಲ ಆ ಮನೆಗಳ ಮಕ್ಕಳಿಗೆ ಬಾಲ್ಯದಿಂದಲೇ ಗೊತ್ತು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ ನೆರವು ನೀಡಲು 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಆ ಯೋಜನೆಯ ಬಗ್ಗೆ ಅರ್ಧ ಗಂಟೆಯಲ್ಲಿ ಪ್ರಬಂಧ ಬರೆಯಲು ಹೇಳಿದರೆ, ಕನ್ನಡದಲ್ಲಾದರೆ ಈ ಅಭ್ಯರ್ಥಿ ಬರೆಯುವ ಉತ್ತರ ಮಾರ್ಗದರ್ಶಿ ಪುಸ್ತಕಗಳ ನಕಲಾಗಿರುವುದಿಲ್ಲ.

ಕಬ್ಬಿನ ಬೆಲೆಯ ವಿಷಯವೂ ಹಾಗೆಯೇ. ಕೇಂದ್ರ ಸರ್ಕಾರ ಪ್ರತಿ ವರ್ಷ ಘೋಷಿಸುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, 2025-26ರ ಹಂಗಾಮಿಗೆ ಕ್ವಿಂಟಲಿಗೆ 355 ರೂಪಾಯಿ. ಅದು ಶೇ 10.25ರ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬು ಅರೆದಾಗ ಹತ್ತೂಕಾಲು ಕಿಲೋ ಸಕ್ಕರೆ ದೊರೆಯುತ್ತದೆ ಎಂಬ ಲೆಕ್ಕಕ್ಕೆ, ಕಟ್ಟಿದ ಬೆಲೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಪರೀಕ್ಷೆಗೆ ಕುಳಿತ ಬೇರೆಯವರು ಬಾಯಿಪಾಠ ಮಾಡುವ ಈ ಅಂಕಿಗಳು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮಂಡ್ಯದ ರೈತ ಕುಟುಂಬಗಳಿಗೆ ದಿನದ ಮಾತು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ‘ಕಟ್ಟು ಪದ್ಧತಿ’ಯ ನೀರು, ಅಂದರೆ ನಾಲೆಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯ ನೀರು, ಯಾವಾಗ ತಲಪುತ್ತದೆ, ಏಕೆ ತಲಪುವುದಿಲ್ಲ ಎಂಬುದನ್ನು ನೀರಾವರಿ ನಿರ್ವಹಣೆಯ ಯಾವ ಪಠ್ಯವೂ ಅವರಷ್ಟು ನಿಖರವಾಗಿ ಹೇಳಲಾರದು.

ನಬಾರ್ಡಿನ ಕೆಲಸಕ್ಕೆ ಈ ತಿಳಿವಳಿಕೆಯೇ ಬೇಕಾಗಿರುವುದು. ಅದರ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರು ಪ್ರತಿ ಜಿಲ್ಲೆಗೂ ‘ಸಂಭಾವ್ಯ ಸಾಲ ಯೋಜನೆ’ಯನ್ನು, ಅಂದರೆ ಯಾವ ಬೆಳೆಗೆ, ಯಾವ ಕಸುಬಿಗೆ ಎಷ್ಟು ಸಾಲ ಹರಿಯಬಹುದೆಂಬ ವಾರ್ಷಿಕ ಅಂದಾಜನ್ನು, ಸಿದ್ಧಪಡಿಸುತ್ತಾರೆ. ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಆರಂಭಿಸಿದಾಗ ಅದಕ್ಕೆ ಮಾದರಿಯಾಗಿ ಒದಗಿಬಂದ ಪ್ರಯೋಗಗಳಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯದು ಮುಖ್ಯವಾದದ್ದು. ಆ ಸಂಘಗಳ ಹೆಣ್ಣುಮಕ್ಕಳು ಲೆಕ್ಕ ಬರೆದದ್ದು, ಸಭೆ ನಡೆಸಿದ್ದು ತಮ್ಮ ನುಡಿಯಲ್ಲಿಯೇ.

ವಿಚಿತ್ರವೆಂದರೆ, ನಬಾರ್ಡಿನ ತಪಾಸಣೆಗೆ ಒಳಪಡುವ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲಿದೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಕಚೇರಿ ಸಹಾಯಕ ಮತ್ತು ಮೊದಲ ಶ್ರೇಣಿಯ ಅಧಿಕಾರಿ ಹುದ್ದೆಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲಾಗುವುದೆಂದು 2019ರ ಜುಲೈನಲ್ಲಿ ಪ್ರಕಟಿಸಿದರು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಇದೇ ಸೌಲಭ್ಯ 2021ರಲ್ಲಿ ವಿಸ್ತರಿಸಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲಿಯೂ ನಡೆಯುತ್ತಿದೆ. ಹೀಗಿರುವಾಗ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಅಧಿಕಾರಿಯಾಗಲು ಸಾಲುವ ಕನ್ನಡ, ಆ ಬ್ಯಾಂಕಿನ ಕಡತ ಪರಿಶೀಲಿಸುವ ಅಧಿಕಾರಿಯಾಗಲು ಏಕೆ ಸಾಲದು ಎಂಬುದಕ್ಕೆ ಸಮಂಜಸ ಕಾರಣ ಕಾಣುವುದಿಲ್ಲ. ಕೆಳಗಿನ ಹುದ್ದೆಗೆ ಕನ್ನಡ, ಮೇಲಿನದಕ್ಕೆ ಬೇಡ ಎಂಬ ಹಳೆಯ ಮೆಟ್ಟಿಲ ಕ್ರಮವೇ ಇಲ್ಲಿ ಮುಂದುವರಿದಂತಿದೆ.

ಮೌಲ್ಯಮಾಪನದ ತೊಡಕು ನಿಜವಾದರೂ ಮೀರಲಾಗದ್ದಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದು, ಅಲ್ಲಿ ಸಾಧ್ಯವಾಗಿರುವುದು ನೂರು ಅಂಕಗಳ ಒಂದು ಪತ್ರಿಕೆಗೆ ಅಸಾಧ್ಯವಾಗಬೇಕಿಲ್ಲ. ಗಣಕಯಂತ್ರದಲ್ಲಿ ಹಿಂದಿಗೆ ಒದಗಿಸುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಕನ್ನಡಕ್ಕೂ ಇದೆ.

ಆದರೆ ಕನ್ನಡದ ಪ್ರಶ್ನೆಪತ್ರಿಕೆ ಎಂದಾಕ್ಷಣ ಎಚ್ಚರಿಕೆಯೂ ಬೇಕು. ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯ ಬಗ್ಗೆಯೂ ಅದೇ ದೂರು ಕೇಳಿಬಂತು. ಕನ್ನಡದ ನೆಲದಲ್ಲಿಯೇ ಹೀಗಾದರೆ ಮುಂಬಯಿಯ ಕೇಂದ್ರ ಕಚೇರಿಯಿಂದ ಬರುವ ಅನುವಾದದ ಗತಿಯನ್ನು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಯಂತ್ರಾನುವಾದವನ್ನು ನೆಚ್ಚದೆ, ವಿಷಯ ಬಲ್ಲವರು ಪ್ರಶ್ನೆಗಳನ್ನು ತಿದ್ದುವ ಏರ್ಪಾಡು ಆಗಬೇಕು. ಇದಕ್ಕೆ ಜನರಿಲ್ಲ ಎನ್ನುವಂತಿಲ್ಲ. ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು, ಕೆ.ಆರ್.ಎಚ್. ಹೈಬ್ರಿಡ್ ಭತ್ತಗಳು ರೂಪುಗೊಂಡದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ, ಆ ಕೇಂದ್ರದ ವಿಜ್ಞಾನಿಗಳು ರೈತರಿಗೆ ಕೃಷಿಶಾಸ್ತ್ರವನ್ನು ವಿವರಿಸುತ್ತ ಬಂದಿರುವುದು ಕನ್ನಡದಲ್ಲಿಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ವಿಭಾಗವೂ ಇದೆ. ಈ ಎರಡು ಕಡೆಯವರನ್ನು ಕೂಡಿಸಿ ನಬಾರ್ಡ್ ಪಠ್ಯಕ್ರಮಕ್ಕೆ ಹೊಂದುವ ಒಂದು ಕನ್ನಡ ಪುಸ್ತಕವನ್ನು ರಾಜ್ಯ ಕೃಷಿ ಇಲಾಖೆ ಹೊರತಂದರೆ, ಬೆಂಗಳೂರಿನ ವಿಜಯನಗರದ ತರಬೇತಿ ಕೇಂದ್ರಗಳಿಗೆ ಶುಲ್ಕ ಕಟ್ಟಲಾಗದವರಿಗೂ ಮಂಡ್ಯದ ಗ್ರಂಥಾಲಯದಲ್ಲಿ ಕುಳಿತು ಓದುವ ದಾರಿ ತೆರೆಯುತ್ತದೆ.

ನಬಾರ್ಡಿನ ಷೇರು ಬಂಡವಾಳವೆಲ್ಲ ಕೇಂದ್ರ ಸರ್ಕಾರದ್ದಾಗಿರುವುದರಿಂದ ತೀರ್ಮಾನ ಹಣಕಾಸು ಸಚಿವಾಲಯದ ಕೈಯಲ್ಲಿದೆ. ಮಂಡ್ಯದ ಲೋಕಸಭಾ ಸದಸ್ಯರಾದ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರ ಸಂಪುಟದಲ್ಲಿದ್ದಾರೆ. ರಾಜ್ಯದ ಕೃಷಿ ಸಚಿವ ಎನ್. ಚಲುವರಾಯಸ್ವಾಮಿಯವರು ಇದೇ ಜಿಲ್ಲೆಯ ನಾಗಮಂಗಲದವರು. ಬೇರೆ ವಿಷಯಗಳಲ್ಲಿ ಇಬ್ಬರ ದಾರಿ ಬೇರೆಯಾದರೂ, ಪ್ರಾಥಮಿಕ ಪರೀಕ್ಷೆಯ ಆ 80 ಅಂಕಗಳ ಪ್ರಶ್ನೆಗಳು ಮತ್ತು ಮುಖ್ಯ ಪರೀಕ್ಷೆಯ ಎರಡನೆಯ ಪತ್ರಿಕೆ ಕನ್ನಡದಲ್ಲಿಯೂ ದೊರೆಯಬೇಕೆಂದು ಮುಂದಿನ ಅಧಿಸೂಚನೆ ಹೊರಬೀಳುವ ಮೊದಲೇ ಇಬ್ಬರೂ ಲಿಖಿತವಾಗಿ ಕೇಳಬೇಕು.

ಓದುಗರೊಬ್ಬರು, ಮದ್ದೂರು